ಕುದಿ ಕಾಣದ ಬಿಯರ್

ಬಿಯರ್ ಮಾಡುವವರನ್ನು ಕೇಳಿ ನೋಡಿ. ಮಾಲ್ಟ್‌ನಿಂದ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಧಾನ್ಯದಿಂದ, ಇಳಿಸಿದ ಸಿಹಿ ರಸವನ್ನು ಗಂಟೆ ಹೊತ್ತಾದರೂ ಕುದಿಸಲೇಬೇಕು ಅನ್ನುತ್ತಾರೆ. ಆದರೆ ಉತ್ತರ ಯುರೋಪಿನ ಎಸ್ಟೋನಿಯಾ ದೇಶದ ಸಾರೆಮಾ ದ್ವೀಪದ ಹಳ್ಳಿಗರು ಹಳೇ ಕ್ರಮದಲ್ಲಿ ಮಾಡುವಾಗ ಆ ರಸವನ್ನು ಒಲೆಗೆ ಏರಿಸುವುದೇ ಇಲ್ಲ. ಈ ಬಿಯರಿನ ಹೆಸರು ಕೊಡುಓಲು. ನಮ್ಮ 'ಕೊಡು'ವಿಗೂ ಇದಕ್ಕೂ ಸಂಬಂಧವಿಲ್ಲ. ಎಸ್ಟೋನಿಯನ್ನರಿಗೆ ಕೊಡು ಅಂದರೆ ಮನೆ, ಓಲು ಅಂದರೆ ಬಿಯರ್.

ಮೊದಲು ಜುನಿಪರ್ ಕೊಂಬೆಗಳನ್ನು ಹಾಕಿ ನೀರು ಕಾಯಿಸುತ್ತಾರೆ. ಜಿನ್‌ಗೆ ಘಮ ಕೊಡುವ ಗಿಡವೇ ಇದು. ಆ ನೀರನ್ನು ಮೊಳಕೆ ಬರಿಸಿ, ಒಣಗಿಸಿ, ಒಡೆದ ಬಾರ್ಲಿಗೆ ಸುರಿಯುತ್ತಾರೆ. 65 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಮೊಳಕೆಯೊಳಗಿನ ಅಮೈಲೇಸ್ ಕಿಣ್ವಗಳು ಪಿಷ್ಟವನ್ನು ಕತ್ತರಿಸಿ ಸಕ್ಕರೆ ಮಾಡುತ್ತವೆ. ಮೊಳಕೆ ರಾಗಿಯ ಗಂಜಿ ಬಿಸಿಯಾಗುತ್ತಿದ್ದಂತೆ ತೆಳ್ಳಗಾಗುತ್ತದಲ್ವಾ? ಅದೂ ಇದೇ ಕಿಣ್ವದ ಕೆಲಸ. ಇನ್ನು ಸೋಸುವುದು. ತೊಟ್ಟಿಯ ತಳದಲ್ಲಿ ಜುನಿಪರ್ ಕೊಂಬೆ, ಹುಲ್ಲು ಹಾಸಿರುತ್ತಾರೆ. ಬಿರಡೆಯನ್ನು ಸ್ವಲ್ಪ ಸಡಿಲಿಸಿದರೆ ಕಂದು ಬಣ್ಣದ ಸಿಹಿ ರಸ ಸಣ್ಣಗೆ ಇಳಿಯುತ್ತದೆ.

ಸಾಮಾನ್ಯವಾಗಿ ಕುದಿಸುವ ಹಂತ ಬರುವುದು ಇಲ್ಲಿಯೇ. ಕುದಿತಕ್ಕೆ ಮೂರು ಕೆಲಸ: ಸೂಕ್ಷ್ಮಜೀವಿಗಳನ್ನು ಕೊಲ್ಲುವುದು, ಹಾಪ್ಸ್ ಹೂವಿನ ಆಮ್ಲಗಳನ್ನು ಕಹಿಯಾಗಿ ಬದಲಿಸುವುದು, ಪ್ರೋಟೀನನ್ನು ಗಂಟು ಕಟ್ಟಿಸಿ ತೆಗೆಯುವುದು. ಮೊದಲನೆಯದಕ್ಕೆ ಹಳ್ಳಿಗರು ಹೆದರಬೇಕಿಲ್ಲ. ಹಾಲನ್ನು 63 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟರೂ ಪಾಶ್ಚರೀಕರಣವಾಗುತ್ತದೆ. ಮಾಲ್ಟ್ ಅದಕ್ಕಿಂತ ಜಾಸ್ತಿ ಹೊತ್ತು ಬಿಸಿನೀರಿನಲ್ಲಿ ನೆನೆದಿರುತ್ತದೆ. ಕಹಿಗಾಗಿ ಹಾಪ್ಸನ್ನು ಬೇರೆ ನೀರಿನಲ್ಲಿ ಬೇಯಿಸಿ ಕಷಾಯದಂತೆ ಸೇರಿಸುತ್ತಾರೆ. ಪ್ರೋಟೀನ್ ಮಾತ್ರ ಹಾಗೇ ಉಳಿಯುತ್ತದೆ. ಅದಕ್ಕೇ ಕೊಡುಓಲು ಮಬ್ಬಾಗಿರುತ್ತದೆ, ಬಾಯಿಗೆ ದಪ್ಪಗೆ ಹತ್ತುತ್ತದೆ.

ಹುದುಗಿಸುವುದಕ್ಕೆ ಬ್ರೆಡ್ಡಿನ ಯೀಸ್ಟೇ ಸಾಕು! ಬ್ರೆಡ್ಡಿನ ಯೀಸ್ಟ್ ಮತ್ತು ಏಲ್ ಎಂಬ ಬಗೆಯ ಬಿಯರಿನ ಯೀಸ್ಟ್ ಒಂದೇ ಪ್ರಭೇದ. ಆದರೆ ಕಾರ್ಖಾನೆಗಳು ತಲೆಮಾರುಗಳಿಂದ ಆರಿಸಿ ಸಾಕಿದ ಎಷ್ಟೋ ತಳಿಗಳು ಲವಂಗದ ವಾಸನೆ ಹುಟ್ಟಿಸುವ ಗುಣವನ್ನೇ ಕಳೆದುಕೊಂಡಿವೆ. ಬ್ರೆಡ್ಡಿನ ಯೀಸ್ಟ್‌ಗಳಲ್ಲಿ ಅದು ಸಾಮಾನ್ಯವಾಗಿ ಇನ್ನೂ ಇದೆ. ಜೊತೆಗೆ ಐಸೋಅಮೈಲ್ ಅಸಿಟೇಟ್ ಎಂಬ ಬಾಳೆಹಣ್ಣಿನ ಪರಿಮಳವೂ ಬರುತ್ತದೆ. ಹಾಗಾಗಿ ಜುನಿಪರ್ ಬಿಯರಿನಲ್ಲಿ ಬಾಳೆಹಣ್ಣು, ಲವಂಗ! ಯಾರೂ ಅವನ್ನು ಹಾಕಿಲ್ಲ ಅನ್ನುವುದೇ ನನಗೆ ಇಷ್ಟವಾಗುವ ಸಂಗತಿ.

ಎಸ್ಟೋನಿಯಾದ ಅಂಗಡಿಗಳಲ್ಲಿ ಜಾಸ್ತಿ ಕಾಣುವುದು ಬೇರೆ ಜಾತಿಯ, ಕಾರ್ಖಾನೆಯ ಬಿಯರ್. ರಾಜಧಾನಿ ಟ್ಯಾಲಿನ್ ಹತ್ತಿರದ 'ಸಾಕು' ಎಂಬ ಹೆಸರಿನ ಕಾರ್ಖಾನೆಯ ಮೂಲ ಒಬ್ಬ ಜಮೀನ್ದಾರರ ಎಸ್ಟೇಟಿನಲ್ಲಿ, 1820ರಲ್ಲಿ. ಟಾರ್ಟು ನಗರದ ಎ. ಲೆ ಕಾಕ್ ಕಂಪನಿಯ ಕಥೆ ಇನ್ನೂ ಸ್ವಾರಸ್ಯದ್ದು. ಲಂಡನ್ನಿನಿಂದ ರಷ್ಯಾ ಸಾಮ್ರಾಜ್ಯಕ್ಕೆ ಸ್ಟೌಟ್ ಎಂಬ ಕಡುಕಪ್ಪು ಬಿಯರ್ ಕಳಿಸುತ್ತಿದ್ದ ಆ ಕಂಪನಿ, ಅಲ್ಲೇ ತಯಾರಿಸೋಣ ಅಂತ 1912ರಲ್ಲಿ ಟಾರ್ಟುವಿನ ಟಿವೋಲಿ ಕಾರ್ಖಾನೆಯನ್ನು ಕೊಂಡಿತು. ಆಗ ಎಸ್ಟೋನಿಯಾ ಆ ಸಾಮ್ರಾಜ್ಯದ ಭಾಗ. ಇವತ್ತು 'ಸಾಕು' ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಕೈಯಲ್ಲಿದೆ, ಲೆ ಕಾಕ್ ಫಿನ್ಲೆಂಡಿನ ಓಲ್ವಿಯದ್ದು. 2011ರಲ್ಲಿ ಶುರುವಾದ ಟ್ಯಾಲಿನ್ನಿನ ಪೊಹ್ಯಾಲಾ ಕಂಪನಿ ಪೋರ್ಟರ್ ಎಂಬ ಕಪ್ಪು ಬಿಯರುಗಳಿಂದ ಹೆಸರು ಮಾಡಿತು.

ಇವರ ಬಾಟಲಿಗಳು ಹಡಗು ಹತ್ತಿ ದೂರ ಹೋಗುತ್ತವೆ. ಕೊಡುಓಲಿಗೆ ಆ ಯೋಗವಿಲ್ಲ. ಸಾರೆಮಾದ ಪಿಹ್ಟ್ಲಾ ಹಳ್ಳಿಯಲ್ಲಿ ಅದನ್ನು ಮಾರಾಟಕ್ಕೂ ಮಾಡುತ್ತಾರೆ, ಆದರೆ ಬೇಗ ಕುಡಿದು ಮುಗಿಸಬೇಕು. ಕೆಲವು ವಾರ ಕಳೆದರೆ ಹುಳಿ ಬಂದುಬಿಡುತ್ತದೆ.