ಪಂಚರ್ ಹಾಕಿಸೋದಾ, ಟೈರ್ ಬದಲಾಯಿಸೋದಾ?

ಪಂಚರ್ ಆದ ಬೈಕ್ ತಂದವರು ಮೊದಲು ತೂತು ತೋರಿಸುತ್ತಾರೆ. ನಾನು ಮೊದಲು ಕೇಳುವುದು ಬೇರೆ: "ಗಾಳಿ ಹೋದ ಮೇಲೆ ಎಷ್ಟು ದೂರ ಓಡಿಸಿದ್ರಿ?" ಸಾಮಾನ್ಯವಾಗಿ ಸಿಗುವ ಉತ್ತರ, "ಇಲ್ಲೇ ಸಾರ್, ಸ್ವಲ್ಪ." ಟೈರ್ ಬಿಚ್ಚಿದರೆ ಒಳಗಿಂದ ಕಪ್ಪು ಪುಡಿ ಸುರಿಯುತ್ತದೆ. ಆ ಪುಡಿ ಟೈರಿನದ್ದೇ ರಬ್ಬರು.

ಗಾಳಿ ಇಲ್ಲದಾಗ ಬೈಕಿನ ಭಾರವೂ ನಿಮ್ಮ ಭಾರವೂ ಟೈರಿನ ಪಕ್ಕೆಯ ಮೇಲೆ ಬೀಳುತ್ತದೆ. ಚಕ್ರ ಒಂದೊಂದು ಸುತ್ತು ತಿರುಗಿದಾಗಲೂ ಪಕ್ಕೆ ರಿಮ್ಮಿನ ಕೆಳಗೆ ಸಿಕ್ಕಿ ಮಡಚುತ್ತದೆ, ಉಜ್ಜುತ್ತದೆ, ಬಿಸಿಯಾಗುತ್ತದೆ. ಒಳಗಿನ ನೂಲಿನ ಪದರ ರಬ್ಬರಿನಿಂದ ಬಿಟ್ಟುಕೊಳ್ಳುತ್ತದೆ. ಇಂಥ ಟೈರಿಗೆ ಗಾಳಿ ತುಂಬಿಸಿದರೆ ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ಆಮೇಲೊಂದು ದಿನ ಪಕ್ಕೆಯಲ್ಲಿ ಉಬ್ಬು ಬರಬಹುದು, ಇಲ್ಲವೇ ಹೈವೇಯಲ್ಲೇ ಸಿಡಿಯಬಹುದು. ತೂತು ಸೂಜಿಯಷ್ಟಿದ್ದರೂ ಸರಿ, ಒಳಗೆ ಪುಡಿ ಇದ್ದರೆ, ಪಕ್ಕೆಯ ಸುತ್ತ ಗೆರೆಯಂತೆ ಸುಕ್ಕು ಬಿದ್ದಿದ್ದರೆ, ಆ ಟೈರ್ ಮುಗಿಯಿತು.

ತೊಂದರೆ ಏನೆಂದರೆ, ಟ್ಯೂಬ್‌ಲೆಸ್ ಟೈರಿಗೆ ಪಂಚರ್ ಹಾಕುವಾಗ ಹೆಚ್ಚಿನವರು ಟೈರ್ ಬಿಚ್ಚುವುದೇ ಇಲ್ಲ. ಮೊಳೆ ಕೀಳುತ್ತಾರೆ, ಅರ ಹಾಕಿ ತಿರುವುತ್ತಾರೆ, ಅಂಟಿನ ಹಗ್ಗ ತುರುಕುತ್ತಾರೆ, ಮಿಕ್ಕಿದ್ದನ್ನು ಕತ್ತರಿಸುತ್ತಾರೆ. ಹತ್ತು ನಿಮಿಷದ ಕೆಲಸ. ದಾರಿಯಲ್ಲಿ ಸಿಕ್ಕಿಬಿದ್ದಾಗ ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ, ನಿಜ. ಆದರೆ ಅದು ಊರು ಸೇರಲು. ಊರು ಸೇರಿದ ಮೇಲೆ ಟೈರ್ ಬಿಚ್ಚಿಸಿ, ಒಳಗೆ ಕಣ್ಣು ಹಾಯಿಸಿ, ಒಳಗಿನಿಂದ ಮಶ್ರೂಮ್ ಪ್ಯಾಚ್ ಹಾಕಿಸಿಕೊಳ್ಳಿ. ಅದರ ದಂಟು ತೂತನ್ನು ತುಂಬುತ್ತದೆ, ಕೊಡೆ ಒಳಮೈಗೆ ಅಂಟುತ್ತದೆ. ಹಗ್ಗ ಮಾತ್ರ ಇದ್ದರೆ ನೀರು ನಿಧಾನಕ್ಕೆ ಒಳಗಿಳಿಯಬಹುದು. ಸ್ಟೀಲ್ ಬೆಲ್ಟ್, ಅಂದರೆ ಒಳಗೆ ಉಕ್ಕಿನ ತಂತಿಯ ಪದರ, ಇರುವ ರೇಡಿಯಲ್ ಟೈರಾದರೆ ಆ ನೀರಿಗೆ ತಂತಿ ತುಕ್ಕು ಹಿಡಿಯುತ್ತದೆ. ಮಶ್ರೂಮ್‌ಗೆ ಹಗ್ಗಕ್ಕಿಂತ ಜಾಸ್ತಿ ದುಡ್ಡಾಗುತ್ತದೆ. ಆದರೆ ಅದೇ ನೆಪದಲ್ಲಿ ಒಳಗೆ ನೋಡುವುದೂ ಆಗುತ್ತದೆ, ನನ್ನ ಮಟ್ಟಿಗೆ ಅದೇ ದೊಡ್ಡ ಲಾಭ.

ಇನ್ನು ತೂತಿನ ಜಾಗ. ಬೈಕ್ ನೆಟ್ಟಗಿದ್ದಾಗ ನೆಲ ಮುಟ್ಟುವ ಭಾಗದಲ್ಲೋ ಅದರ ಅಕ್ಕಪಕ್ಕದಲ್ಲೋ ಇದ್ದರೆ, ಅಗಲ 6 ಮಿಲಿಮೀಟರ್ ದಾಟದಿದ್ದರೆ, ರಿಪೇರಿ ಮಾಡಬಹುದು. ಅಂದರೆ ಪೆನ್ಸಿಲ್ ತೂರುವಷ್ಟು ತೂತಾಗಿದ್ದರೆ ಬೇಡ. ಪಕ್ಕೆಯಲ್ಲಿ ಆಗಿದ್ದರೆ ಎಷ್ಟು ಸಣ್ಣದಾದರೂ ಬೇಡ, ಅಲ್ಲಿ ರಬ್ಬರು ಸದಾ ಬಾಗುತ್ತಿರುತ್ತದೆ, ಪ್ಯಾಚ್ ನಿಲ್ಲುವುದಿಲ್ಲ. "ಕಾರಿಗೆ ಹಾಕಿಸಿದ್ದೆ, ಏನೂ ಆಗ್ಲಿಲ್ಲ" ಅನ್ನುವವರಿದ್ದಾರೆ. ಕಾರಿಗೆ ಇನ್ನೂ ಮೂರು ಚಕ್ರ ಇರುತ್ತವೆ, ಅಲ್ವಾ? ಬೈಕಿನ ಮುಂದಿನ ಟೈರ್ ವಿಷಯದಲ್ಲಿ ನಾನು ಇನ್ನೂ ಕಟ್ಟುನಿಟ್ಟು. ಹಿಂದಿನದು ಕೈಕೊಟ್ಟರೆ ಬೈಕ್ ಓಲಾಡುತ್ತದೆ, ಹಿಡಿದು ನಿಲ್ಲಿಸಬಹುದು. ಮುಂದಿನದು ಕೈಕೊಟ್ಟರೆ ಹ್ಯಾಂಡಲ್ ಮಾತು ಕೇಳುವುದಿಲ್ಲ.

ಟೈರ್ ಮೊದಲೇ ಸವೆದಿದ್ದರೆ ಇಷ್ಟು ಯೋಚನೆಯೂ ಬೇಡ. ಗ್ರಿಪ್ಪಿನ ಕಾಲುವೆಗಳ ತಳದಲ್ಲಿ ಸಣ್ಣ ದಿಬ್ಬಗಳಿರುತ್ತವೆ. ಟೈರ್ ಅವುಗಳ ಮಟ್ಟಕ್ಕೆ ಸವೆದಿದ್ದರೆ ಪಂಚರ್‌ಗೆ ಕೊಡುವ ದುಡ್ಡು ದಂಡ. ನಮ್ಮಲ್ಲಿ ಬೈಕಿಗೆ ಕಾನೂನು ಕೇಳುವ ಕನಿಷ್ಠ ಆಳ 0.8 ಮಿಲಿಮೀಟರ್. ಮಳೆಗಾಲದಲ್ಲಿ ಅಷ್ಟನ್ನೇ ನಂಬಿ ಓಡಾಡುವುದನ್ನು ನಾನಂತೂ ಒಪ್ಪುವುದಿಲ್ಲ. ಹಳೇ ಹಗ್ಗದ ಪಕ್ಕದಲ್ಲೇ ಹೊಸ ತೂತಾಗಿದ್ದರೂ ಟೈರ್ ಬದಲಾಯಿಸಿ.

ಟ್ಯೂಬ್ ಟೈರಿನ ಲೆಕ್ಕ ಬೇರೆ. ಅಲ್ಲಿ ಗಾಳಿ ಹಿಡಿಯುವುದು ಟ್ಯೂಬು. ಟ್ಯೂಬಿನ ಹೊಟ್ಟೆಯಲ್ಲಿ ತೂತಾದರೆ ಪ್ಯಾಚ್ ಸಾಕು. ವಾಲ್ವ್ ಬುಡದಲ್ಲಿ ಹರಿದರೆ ಹೊಸ ಟ್ಯೂಬೇ ಗತಿ. ಬುಡ ಹರಿಯುವುದಕ್ಕೆ ಕಡಿಮೆ ಗಾಳಿಯಲ್ಲಿ ಓಡಿಸುವುದೂ ಒಂದು ಕಾರಣ: ಟೈರ್ ರಿಮ್ಮಿನ ಮೇಲೆ ಜಾರಿ ಟ್ಯೂಬನ್ನೂ ಎಳೆಯುತ್ತದೆ. ವಾಲ್ವ್ ಓರೆಯಾಗಿ ನಿಂತಿದ್ದರೆ ಅದೇ ಗುರುತು. ಬಳ್ಳಾರಿ ಜಾಲಿ ಇರುವ ಕಡೆಯವರಿಗೆ ಇನ್ನೊಂದು ಮಾತು. ಆ ಮುಳ್ಳಿನ ತುದಿ ಟೈರಿನೊಳಗೇ ಮುರಿದು ಉಳಿಯುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ಅದನ್ನು ತೆಗೆಯದೆ ಟ್ಯೂಬ್ ಹಾಕಿದರೆ ಮರುದಿನ ಮತ್ತೆ ಪಂಚರ್. ಟೈರಿನ ಒಳಮೈಗೆ ಬಟ್ಟೆ ಒತ್ತಿ ಸುತ್ತಲೂ ಎಳೆಯಬೇಕು. ಬಟ್ಟೆ ಸಿಕ್ಕಿಕೊಂಡ ಕಡೆ ಮುಳ್ಳಿರುತ್ತದೆ.

ಟ್ಯೂಬ್‌ಲೆಸ್ ಟೈರಿನೊಳಗೆ ಟ್ಯೂಬ್ ಹಾಕಿ ಕಳಿಸುವ ಅಭ್ಯಾಸ ಬಹಳ ಕಡೆ ಇದೆ. ತೂತೇನೋ ಮುಚ್ಚುತ್ತದೆ. ಆದರೆ ಟ್ಯೂಬು ಟೈರಿಗೆ ಉಜ್ಜಿ ಬಿಸಿ ಹೆಚ್ಚುತ್ತದೆ. ಮುಂದಿನ ಸಲ ಮೊಳೆ ಚುಚ್ಚಿದಾಗ ಗಾಳಿ ನಿಧಾನಕ್ಕೆ ಹೋಗುವ ಬದಲು ಒಮ್ಮೆಲೇ ಹೋಗಬಹುದು. ಟ್ಯೂಬ್‌ಲೆಸ್‌ನ ದೊಡ್ಡ ಅನುಕೂಲವನ್ನೇ ಕಳೆದುಕೊಂಡ ಹಾಗೆ. ಪಕ್ಕೆ ಹೋದ ಟೈರಿಗೆ ಟ್ಯೂಬ್ ಹಾಕುವುದಂತೂ ಅಪಾಯಕ್ಕೆ ಬಟ್ಟೆ ಹೊದಿಸಿದಂತೆ.

ರಿಪೇರಿ ಮಾಡಿಸಿದ ಮೇಲೆ ಸೋಪಿನ ನೀರು ಹಾಕಿಸಿ ಗುಳ್ಳೆ ಬರುತ್ತದಾ ನೋಡಿ. ಒಳಗಿಂದ ರಿಪೇರಿ ಮಾಡಿದ ಟೈರಿನಲ್ಲೂ ಮೊದಲ 24 ಗಂಟೆ 80 ಕಿಲೋಮೀಟರ್ ವೇಗ ದಾಟಬೇಡಿ ಎಂದು ಬೈಕ್ ಜೊತೆ ಬರುವ ಕೆಲವು ಪುಸ್ತಕಗಳಲ್ಲೇ ಬರೆದಿರುತ್ತದೆ. ಹೊಸ ಟೈರ್ ಕೊಳ್ಳುವುದಾದರೆ ಪಕ್ಕೆಯ ಮೇಲಿನ ನಾಲ್ಕಂಕಿ ಓದಿ: 3524 ಅಂದರೆ 2024ರ 35ನೇ ವಾರ ತಯಾರಾದದ್ದು. ಟ್ಯೂಬ್‌ಲೆಸ್ ಆದರೆ ಜೊತೆಗೆ ವಾಲ್ವನ್ನೂ ಹೊಸದು ಹಾಕಿಸಿ. ಬಾಣದ ಗುರುತು ಚಕ್ರ ತಿರುಗುವ ದಿಕ್ಕಿಗೇ ಇದೆಯಾ ಅಂತ ಅಂಗಡಿ ಬಿಡುವ ಮುಂಚೆ ನೋಡಿ. ಅವಸರದಲ್ಲಿ ಉಲ್ಟಾ ಹಾಕಿಬಿಡುವುದೂ ಉಂಟು.