ಹಳೇ ಸ್ಪ್ಲಿಟ್ ಎಸಿಗೆ ಸ್ಮಾರ್ಟ್ ಥರ್ಮೋಸ್ಟಾಟ್ ಹಾಕಿಸಬಹುದಾ?

ಪ್ರಶ್ನೆ: ರಾಯಚೂರಿನಲ್ಲಿ ನಮ್ಮದು ಟಾಪ್ ಫ್ಲೋರ್ ಫ್ಲ್ಯಾಟ್. ಮಗ ಜರ್ಮನಿಯಲ್ಲಿದ್ದಾನೆ. ಅವನ ಮನೆಯಲ್ಲಿ ನೆಲವನ್ನೇ ಬೆಚ್ಚಗೆ ಮಾಡುವ ಹೀಟಿಂಗ್ ಇದೆ. ಗೋಡೆಯ ಮೇಲಿದ್ದ ಹಳೇ ಡಯಲ್ ತೆಗೆಸಿ ಸ್ಮಾರ್ಟ್ ಥರ್ಮೋಸ್ಟಾಟ್ ಹಾಕಿಸಿದ ಮೇಲೆ ಬಿಲ್ ಇಳಿದಿದೆ ಅಂತಾನೆ. ನಮ್ಮ ಬೆಡ್‌ರೂಮಿನ 1.5 ಟನ್ ಎಸಿಗೂ ಅದನ್ನೇ ಹಾಕಿಸಬಹುದಾ? ಗೃಹಜ್ಯೋತಿ ಇದ್ದರೂ ಬೇಸಿಗೆಯಲ್ಲಿ ಪೂರ್ತಿ ಬಿಲ್ ಬರುತ್ತಿದೆ.

ಉತ್ತರ: ಅದೇ ಥರ್ಮೋಸ್ಟಾಟ್ ಆಗುವುದಿಲ್ಲ. ಮಗನಿಗೆ ಹೇಳಿ ಅಲ್ಲಿಂದ ತರಿಸಬೇಡಿ. ಅವನ ಮನೆಯ ಥರ್ಮೋಸ್ಟಾಟ್ ಮಾಡುವ ಕೆಲಸ ಸರಳವಾದದ್ದು. ರೂಮಿನ ತಾಪಮಾನ ನೋಡಿಕೊಂಡು, ನೆಲದಡಿಯ ಪೈಪಿಗೆ ಬಿಸಿನೀರು ಬಿಡುವ ವಾಲ್ವನ್ನೋ, ಹೀಟಿಂಗ್ ವೈರಿನ ಕರೆಂಟನ್ನೋ ಆನ್ ಆಫ್ ಮಾಡುತ್ತದೆ, ಅಷ್ಟೇ. ಅದಕ್ಕೇ ಹಳೆಯದನ್ನು ಬಿಚ್ಚಿ ಹೊಸದನ್ನು ಕೂರಿಸಲು ಬರುತ್ತದೆ. ನಮ್ಮ ಸ್ಪ್ಲಿಟ್ ಎಸಿಗೆ ಗೋಡೆಯಲ್ಲಿ ಬಿಚ್ಚುವಂಥದ್ದು ಏನೂ ಇಲ್ಲ. ಥರ್ಮೋಸ್ಟಾಟ್ ಅದರ ಹೊಟ್ಟೆಯೊಳಗೇ ಇದೆ.

ಬೇಕಾದರೆ ನೋಡಿ. ಮೇನ್ ಸ್ವಿಚ್ ಆಫ್ ಮಾಡಿ, ಒಳಗಿನ ಯೂನಿಟ್‌ನ ಮುಚ್ಚಳ ಎತ್ತಿ ಫಿಲ್ಟರ್ ತೆಗೆಯಿರಿ. ಹಿಂದಿನ ತೆಳು ತಗಡುಗಳ ಮುಂದೆ, ಪ್ಲಾಸ್ಟಿಕ್ ಕ್ಲಿಪ್ಪಿನಲ್ಲಿ ಸಿಕ್ಕಿಸಿದ ಸಣ್ಣ ಮಣಿಯಂಥ ಸೆನ್ಸರ್ ಸಾಮಾನ್ಯವಾಗಿ ಕಾಣುತ್ತದೆ. ಎಸಿ ಎಳೆದುಕೊಳ್ಳುವ ಗಾಳಿ ಎಷ್ಟು ಬಿಸಿ ಇದೆ ಅಂತ ಅಳೆಯುವುದು ಅದೇ. ನಿಮ್ಮ ತೊಂದರೆಯ ಒಂದು ಭಾಗವೂ ಅಲ್ಲೇ ಇದೆ. ಆ ಸೆನ್ಸರ್ ಇರುವುದು ಸ್ಲ್ಯಾಬಿನ ಹತ್ತಿರ, ನೀವು ಮಲಗುವುದು ಕೆಳಗೆ. ಏಪ್ರಿಲ್, ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟುವ ಬಿಸಿಲನ್ನು ಇಡೀ ದಿನ ಕುಡಿದ ಸ್ಲ್ಯಾಬು ರಾತ್ರಿಯೆಲ್ಲಾ ಅದನ್ನೇ ರೂಮಿಗೆ ಬಿಡುತ್ತಿರುತ್ತದೆ. ಮಗನ ಮನೆಯ ನೆಲ ಮಾಡುವ ಕೆಲಸವನ್ನು ಇಲ್ಲಿ ನಿಮ್ಮ ಮಾಳಿಗೆ ಬೇಡವೆಂದರೂ ಮಾಡುತ್ತಿದೆ. ಹಾಸಿಗೆಯ ಹತ್ತಿರ ಸಾಕಷ್ಟು ತಂಪಾಗಿದ್ದರೂ ಮೇಲಿನ ಸೆನ್ಸರಿಗೆ ಇನ್ನೂ ಸೆಕೆಯೇ. ಕಂಪ್ರೆಸರ್ ಓಡುತ್ತಲೇ ಇರುತ್ತದೆ.

ಹಾಗಾದರೆ ಏನು ಹಾಕಿಸಬಹುದು? ವೈಫೈ ಇರುವ ಐಆರ್ ರಿಮೋಟ್ ಅಂತ ಸಿಗುತ್ತದೆ. ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಡಬ್ಬಿ. ನಿಮ್ಮ ರಿಮೋಟ್ ಕಳಿಸುವ ಸಿಗ್ನಲನ್ನೇ ಇದೂ ಕಳಿಸುತ್ತದೆ, ಆದರೆ ಮೊಬೈಲಿನಿಂದ. ಎಸಿ ಬಿಚ್ಚುವುದೂ ಬೇಡ, ವೈರಿಂಗೂ ಬೇಡ. ತೊಗೊಳ್ಳುವುದಾದರೆ ತಾಪಮಾನದ ಸೆನ್ಸರ್ ಇರುವುದನ್ನೇ ತೊಗೊಳ್ಳಿ. ಎಸಿ ಗಾಳಿ ನೇರ ಬಡಿಯದ ಕಡೆ, ಹಾಸಿಗೆಯ ಮಟ್ಟದಲ್ಲಿ ಇಡಿ. ಡಬ್ಬಿಗೂ ಎಸಿಗೂ ನಡುವೆ ಕಪಾಟು, ಪರದೆ ಅಡ್ಡ ಬರಬಾರದು. ಈ ಸಿಗ್ನಲ್ ಗೋಡೆ ದಾಟುವುದಿಲ್ಲ, ಹಾಗಾಗಿ ಒಂದು ರೂಮಿಗೆ ಒಂದು ಬೇಕು.

ಒಂದು ಮಿತಿ ಗೊತ್ತಿರಲಿ. ಇದು ಹೇಳುತ್ತದೆ, ಕೇಳಿಸಿಕೊಳ್ಳುವುದಿಲ್ಲ. ನಿಮ್ಮ ಮನೆಯವರು ಹಳೇ ರಿಮೋಟಿನಿಂದ ಎಸಿ ಬಂದ್ ಮಾಡಿದರೆ ಸಾಮಾನ್ಯವಾಗಿ ಆ್ಯಪ್‌ಗೆ ಅದು ತಿಳಿಯದು. ರೂಮಿನ ತಾಪಮಾನ ಏರುತ್ತಿದೆಯಾ ಅಂತ ನೋಡಿಯೇ ತಿಳಿಯಬೇಕು.

'26ಕ್ಕೆ ಇಳಿದರೆ ಆಫ್, 28 ಆದರೆ ಆನ್' ಅಂತ ಆ್ಯಪಿನಲ್ಲಿ ರೂಲ್ ಹಾಕಲು ಬರುತ್ತದೆ. ನಿಮ್ಮದು ಇನ್ವರ್ಟರ್ ಎಸಿ ಆದರೆ ಅದನ್ನು ಮಾಡಬೇಡಿ. ಅಂಥ ಎಸಿಯ ಕಂಪ್ರೆಸರ್ ತಾನೇ ವೇಗ ತಗ್ಗಿಸಿಕೊಂಡು ನಿಧಾನಕ್ಕೆ ಓಡಿಯೇ ಕರೆಂಟ್ ಉಳಿಸುತ್ತದೆ. ಪದೇ ಪದೇ ಬಂದ್ ಮಾಡಿ ಶುರು ಮಾಡಿಸಿದರೆ ಆ ಲಾಭವೇ ಹೋಯಿತು. ಹಾಗೆಯೇ, ಮೊಬೈಲಿನಿಂದ ಆನ್ ಆಫ್ ಮಾಡುವ ಸ್ಮಾರ್ಟ್ ಪ್ಲಗ್ ಹಾಕಿ ಕರೆಂಟ್ ಕಟ್ ಮಾಡಿ ಎಸಿ ನಿಲ್ಲಿಸುವುದೂ ಬೇಡವೇ ಬೇಡ. ಓಡುತ್ತಿರುವ ಕಂಪ್ರೆಸರ್‌ಗೆ ಅದು ಒಳ್ಳೆಯದಲ್ಲ. ಟಿವಿ, ಲೈಟಿಗೆ ಮಾಡಿದ ಸಣ್ಣ ಪ್ಲಗ್ ಆದರಂತೂ ಬಿಸಿಯಾಗಿ ಕರಗಬಹುದು.

ಈಗ ಬಿಲ್ಲಿಗೆ ಬರೋಣ. ಇನ್ವರ್ಟರ್ ಇಲ್ಲದ 1.5 ಟನ್ ಎಸಿಯ ಕಂಪ್ರೆಸರ್ ಓಡುವಾಗ ಸುಮಾರು ಒಂದೂವರೆ ಕಿಲೋವ್ಯಾಟ್ ಎಳೆಯುತ್ತದೆ. ರಾತ್ರಿ ಎಂಟು ಗಂಟೆ ಎಸಿ ಹಾಕಿ, ಅದರಲ್ಲಿ ಐದೂವರೆ ಗಂಟೆ ಕಂಪ್ರೆಸರ್ ಓಡಿತು ಅಂದುಕೊಳ್ಳಿ. ಎಂಟು ಯೂನಿಟ್ ಆಯಿತು. ತಿಂಗಳಿಗೆ 240. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದರೆ ಜೆಸ್ಕಾಂ ಪೂರ್ತಿ ಬಿಲ್ಲನ್ನೇ ಕೊಡುತ್ತದೆ, ದಾಟಿದ ಯೂನಿಟ್‌ಗಳಿಗೆ ಮಾತ್ರ ಅಲ್ಲ. ಎಸಿ ಒಂದೇ ಆ ಗೆರೆ ದಾಟಿಸಿತು, ಇನ್ನು ಫ್ರಿಜ್ಜು, ಫ್ಯಾನು, ಮೋಟಾರು ಬೇರೆ. ಆರು ಗಂಟೆಯ ಬದಲು ಬೆಳಗಿನ ಜಾವ ನಾಲ್ಕಕ್ಕೇ ಬಂದ್ ಆಗುವಂತೆ ಮಾಡಿದರೂ ಕಡು ಬೇಸಿಗೆಯಲ್ಲಿ 200ರ ಒಳಗೆ ನಿಲ್ಲುವುದು ಕಷ್ಟ. ಈ ಡಬ್ಬಿ ತಂದ ತಕ್ಷಣ ಬಿಲ್ ಸೊನ್ನೆ ಆಗುತ್ತದೆ ಅಂತ ಅಂಗಡಿಯವರು ಹೇಳಿದರೆ ನಂಬಬೇಡಿ. ಮಾರ್ಚ್‌ನಲ್ಲಿ, ಮಳೆ ಬಿದ್ದ ಮೇಲಿನ ಜೂನ್‌ನಲ್ಲಿ ಮಾತ್ರ ಆ ಎರಡು ಗಂಟೆಯ ಉಳಿತಾಯ ನಿಮ್ಮನ್ನು ಗೆರೆಯ ಈಚೆಗೆ ಉಳಿಸೀತು.

ಅದಕ್ಕೇ ದುಡ್ಡು ಹಾಕುವ ಮುಂಚೆ ಈಗಿರುವ ರಿಮೋಟನ್ನೇ ಒಂದು ವಾರ ಸರಿಯಾಗಿ ಬಳಸಿ ನೋಡಿ. ಅದರಲ್ಲಿ ಟೈಮರ್, ರಾತ್ರಿ ತಾನಾಗಿಯೇ ಡಿಗ್ರಿ ಏರಿಸುವ ಸ್ಲೀಪ್ ಮೋಡ್ ಸಾಮಾನ್ಯವಾಗಿ ಇರುತ್ತವೆ. ಇಂಧನ ದಕ್ಷತಾ ಬ್ಯೂರೋ ಹೇಳುವಂತೆ ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ 6ರಷ್ಟು ಕರೆಂಟ್ ಉಳಿಯುತ್ತದೆ. 2020ರಿಂದ ಸ್ಟಾರ್ ಲೇಬಲ್ಲಿನ ಎಸಿಗಳು ಆನ್ ಮಾಡಿದಾಗ 24ರಲ್ಲೇ ಶುರುವಾಗಬೇಕು ಅನ್ನುವ ನಿಯಮ ಬಂದಿದ್ದೂ ಇದೇ ಕಾರಣಕ್ಕೆ. ನೀವು 27ಕ್ಕೆ ಇಟ್ಟು ಫ್ಯಾನ್ ಹಾಕಿಕೊಳ್ಳಿ. ಎರಡು ವಾರಕ್ಕೊಮ್ಮೆ ಫಿಲ್ಟರ್ ತೊಳೆಯಿರಿ, ನಮ್ಮ ಕಡೆ ಧೂಳು ಜಾಸ್ತಿ ಅಲ್ವಾ. ಮಲಗುವ ಮುಂಚೆ ಮತ್ತು ಎದ್ದ ಕೂಡಲೇ ಕೆಳಗೆ ಮೀಟರಿನಲ್ಲಿ ಕೆಡಬ್ಲ್ಯೂಎಚ್ (ಅಂದರೆ ಯೂನಿಟ್) ಅಂತ ಬರುವ ಅಂಕಿ ಬರೆದಿಟ್ಟುಕೊಳ್ಳಿ. ಒಂದು ರಾತ್ರಿಯ ಖರ್ಚು ಎಷ್ಟು ಅಂತ ಅಂದಾಜು ಸಿಗುತ್ತದೆ. ಅಪಾರ್ಟ್‌ಮೆಂಟಿನವರು ಒಪ್ಪಿದರೆ ಟೆರೇಸಿಗೆ ಬಿಸಿಲನ್ನು ವಾಪಸ್ ಕಳಿಸುವ ಬಿಳಿ ಕೂಲ್ ರೂಫ್ ಪೇಂಟ್ ಹೊಡೆಸಿ. ನನ್ನ ಕೇಳಿದರೆ ಮೊದಲ ಖರ್ಚು ಅದಕ್ಕೇ ಆಗಬೇಕು, ಡಬ್ಬಿ ಆಮೇಲೆ.

ಡಬ್ಬಿಯೂ ವ್ಯರ್ಥ ಅಂತಲ್ಲ. ಕರೆಂಟ್ ಹೋಗಿ ಬಂದಾಗ ಎಷ್ಟೋ ಎಸಿಗಳು ತಾವಾಗಿಯೇ ಮತ್ತೆ ಶುರುವಾಗುತ್ತವೆ. ನೀವು ಮನೆಗೆ ಬೀಗ ಹಾಕಿ ಊರಿಗೆ ಹೋಗಿದ್ದರೆ ಮಗ ಅಲ್ಲಿಂದಲೇ ಬಂದ್ ಮಾಡಬಹುದು. ತರುವುದಾದರೆ ಮೊದಲು ನಿಮ್ಮ ಎಸಿಗೇ ವೈಫೈ ಇದೆಯಾ ಅಂತ ರಿಮೋಟ್ ಮತ್ತು ಪುಸ್ತಕದಲ್ಲಿ ನೋಡಿ. ಇದ್ದರೆ ಬೇರೆ ಏನೂ ಬೇಡ. ಇಂಥ ಡಬ್ಬಿಗಳು ಹೆಚ್ಚಾಗಿ 2.4 ಗಿಗಾಹರ್ಟ್ಸ್ ವೈಫೈಗೆ ಮಾತ್ರ ಸೇರುತ್ತವೆ, ಮೊಬೈಲನ್ನೂ ಅದಕ್ಕೇ ಜೋಡಿಸಿಕೊಂಡು ಸೆಟಪ್ ಮಾಡಿ. ಕರೆಂಟ್ ಹೋದರೂ ವೈಫೈ ನಿಲ್ಲದಂತೆ ರೌಟರನ್ನು ಮನೆಯ ಯುಪಿಎಸ್ ಲೈನಿಗೆ ಹಾಕಿಸಿ.