ಪದ ಪರಿಚಯ: ಚಿತ್ರರಂಗದ ‘ಮಹೋತ್ಸವ’

ಸಂಘ ಸಂಸ್ಥೆಗಳಿಗೆ ಇಪ್ಪತ್ತೈದು ವರ್ಷ ತುಂಬಿದರೆ ರಜತ ಮಹೋತ್ಸವ, ಐವತ್ತಕ್ಕೆ ಸುವರ್ಣ ಮಹೋತ್ಸವ, ಎಪ್ಪತ್ತೈದಕ್ಕೆ ಅಮೃತ ಮಹೋತ್ಸವ ಎನ್ನುವುದು ವಾಡಿಕೆ. ಚಿತ್ರರಂಗದಲ್ಲಿ ಇವೇ ಪದಗಳು ಬಹುಕಾಲ ಬೇರೆಯೇ ಒಂದು ಲೆಕ್ಕವನ್ನು ಹೇಳುತ್ತಿದ್ದವು. ಅಲ್ಲಿ ಎಣಿಸುತ್ತಿದ್ದುದು ವರ್ಷಗಳನ್ನಲ್ಲ, ವಾರಗಳನ್ನು. ಒಂದು ಚಿತ್ರ ಒಂದೇ ಚಿತ್ರಮಂದಿರದಲ್ಲಿ ಸತತವಾಗಿ 25 ವಾರ ಓಡಿದರೆ ಸಿಲ್ವರ್ ಜುಬಿಲಿ, 50 ವಾರ ಓಡಿದರೆ ಗೋಲ್ಡನ್ ಜುಬಿಲಿ. ದಕ್ಷಿಣದಲ್ಲಿ ಇದಕ್ಕೂ ಮೊದಲ ಮೆಟ್ಟಿಲೊಂದಿತ್ತು, ಅದು ಶತದಿನೋತ್ಸವ. ನೂರು ದಿನ ಪೂರೈಸಿದ ಚಿತ್ರದ ಕಲಾವಿದರಿಗೂ ತಂತ್ರಜ್ಞರಿಗೂ ಸಮಾರಂಭದಲ್ಲಿ ಶೀಲ್ಡ್ ಕೊಡುವ ಪದ್ಧತಿ ಗಾಂಧಿನಗರದಲ್ಲಿ ಗಟ್ಟಿಯಾಗಿ ಬೇರೂರಿತ್ತು.

ಈ ಅಳತೆ ಹುಟ್ಟಿದ್ದು ವ್ಯಾಪಾರದಿಂದ. ಬೆರಳೆಣಿಕೆಯ ಪ್ರಿಂಟುಗಳಲ್ಲಿ ಬಿಡುಗಡೆಯಾಗುತ್ತಿದ್ದ ಚಿತ್ರವು ದೊಡ್ಡ ಊರಿನ ಮುಖ್ಯ ಚಿತ್ರಮಂದಿರದಲ್ಲಿ ಎಷ್ಟು ಕಾಲ ನಿಂತಿತು ಎಂಬುದೇ ಅದರ ಗಳಿಕೆಯ ಕಣ್ಣಿಗೆ ಕಾಣುವ ಸಾಕ್ಷಿಯಾಗಿತ್ತು. ಪೋಸ್ಟರಿನ ಮೇಲೆ ಅಂಟಿಸುತ್ತಿದ್ದ ವಾರದ ಸಂಖ್ಯೆ ಹೊಸ ಪ್ರೇಕ್ಷಕರನ್ನು ಸೆಳೆಯುವ ಜಾಹೀರಾತೂ ಆಗುತ್ತಿತ್ತು. 1943ರ ‘ಕಿಸ್ಮತ್’ ಕಲ್ಕತ್ತಾದ ರಾಕ್ಸಿಯಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ಓಡಿತು. ಸಾಲು ಸಾಲಾಗಿ ಇಪ್ಪತ್ತೈದು ವಾರದ ಚಿತ್ರಗಳನ್ನು ಕೊಟ್ಟ ಹಿಂದಿ ನಟ ರಾಜೇಂದ್ರ ಕುಮಾರ್ ಅವರಿಗೆ ‘ಜುಬಿಲಿ ಕುಮಾರ್’ ಎಂಬ ಹೆಸರೇ ಬಿತ್ತು. ಕನ್ನಡದ ‘ಬಂಗಾರದ ಮನುಷ್ಯ’ 1972ರ ಮಾರ್ಚ್ 31ರಂದು ತೆರೆಕಂಡು, ಬೆಂಗಳೂರಿನ ಕೆಂಪೇಗೌಡ ರಸ್ತೆಯ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷಗಳ ಕಾಲ ಪ್ರದರ್ಶನ ಕಂಡಿತು. ಹಾಗಾಗಿ ಅದಕ್ಕೆ ಎರಡು ಸುವರ್ಣ ಮಹೋತ್ಸವಗಳು ಸಂದಿವೆ: ಐವತ್ತು ವಾರದ್ದು 1973ರಲ್ಲಿ, ಐವತ್ತು ವರ್ಷದ್ದು 2022ರಲ್ಲಿ. ಮೊದಲನೆಯದು ಟಿಕೆಟ್ ಕೊಂಡವರು ಕೊಟ್ಟ ತೀರ್ಪು. ಎರಡನೆಯದು ಚಿತ್ರವನ್ನು ಇನ್ನೂ ನೆನೆಯುವವರು ಆಚರಿಸುವ ಹಬ್ಬ. ಇಂದು ಒಂದೇ ಶುಕ್ರವಾರ ನೂರಾರು ಪರದೆಗಳಲ್ಲಿ ಬಿಡುಗಡೆಯಾಗಿ, ಕೆಲವೇ ವಾರಗಳಲ್ಲಿ ಮೊಬೈಲಿಗೆ ಬಂದುಬಿಡುವ ಚಿತ್ರಗಳ ಮಟ್ಟಿಗೆ ವಾರದ ಲೆಕ್ಕ ಬಹುತೇಕ ಅರ್ಥ ಕಳೆದುಕೊಂಡಿದೆ. ಉಳಿದಿರುವುದು ವರ್ಷದ ಲೆಕ್ಕ ಮಾತ್ರ.

ವರ್ಷ ಎಣಿಸಬೇಕಾದರೆ ಹುಟ್ಟಿದ ದಿನ ಗೊತ್ತಾಗಬೇಕು. ಇಲ್ಲಿ ಸಾಮಾನ್ಯವಾಗಿ ಪಾಲಿಸುವ ರೂಢಿಯೊಂದಿದೆ: ಚಿತ್ರೀಕರಣ ಆರಂಭವಾದ ದಿನವನ್ನಾಗಲಿ, ಆಹ್ವಾನಿತರ ಮುಂದೆ ತೋರಿಸಿದ ದಿನವನ್ನಾಗಲಿ ಹಿಡಿಯದೆ, ಹಣ ಕೊಟ್ಟ ಸಾರ್ವಜನಿಕರು ಮೊದಲು ನೋಡಿದ ದಿನವನ್ನೇ ಜನ್ಮದಿನವೆಂದು ಎಣಿಸಲಾಗುತ್ತದೆ. ಲೂಮಿಯೇರ್ ಸಹೋದರರು 1895ರ ಮಾರ್ಚಿನಲ್ಲೇ ಪ್ಯಾರಿಸ್ಸಿನ ಆಯ್ದ ಸಭಿಕರಿಗೆ ತಮ್ಮ ಚಿತ್ರವನ್ನು ತೋರಿಸಿದ್ದರೂ, ಸಿನಿಮಾದ ಶತಮಾನೋತ್ಸವಕ್ಕೆ ಆಧಾರವಾದದ್ದು ಅದೇ ವರ್ಷದ ಡಿಸೆಂಬರ್ 28ರ ಟಿಕೆಟ್ ಪ್ರದರ್ಶನ. ಫಾಲ್ಕೆಯವರ ‘ರಾಜಾ ಹರಿಶ್ಚಂದ್ರ’ವನ್ನು ಮುಂಬಯಿಯ ಗಣ್ಯರು 1913ರ ಏಪ್ರಿಲ್ 21ರಂದೇ ನೋಡಿದ್ದರು, ಭಾರತೀಯ ಚಿತ್ರರಂಗವು 2013ರಲ್ಲಿ ನೂರು ವರ್ಷವನ್ನು ಎಣಿಸಿದ್ದು ಮಾತ್ರ ಕಾರೊನೇಷನ್ ಚಿತ್ರಮಂದಿರದಲ್ಲಿ ಅದು ಬಿಡುಗಡೆಯಾದ ಮೇ 3ರಿಂದ. ನನಗೆ ಈ ರೂಢಿ ಸರಿಯೆನಿಸುತ್ತದೆ. ನೋಡುವವರಿಲ್ಲದ ಚಿತ್ರ ಡಬ್ಬಿಯೊಳಗಿನ ರೀಲಷ್ಟೇ.

ಆದರೆ ವರ್ಷದ ಲೆಕ್ಕಕ್ಕೆ ವಾರದ ಲೆಕ್ಕಕ್ಕಿಲ್ಲದ ತೊಡಕೊಂದಿದೆ. ಇಪ್ಪತ್ತೈದನೆಯ ವಾರದಲ್ಲಿ ಚಿತ್ರ ಇನ್ನೂ ಪರದೆಯ ಮೇಲಿರುತ್ತದೆ. ಎಪ್ಪತ್ತೈದನೆಯ ವರ್ಷಕ್ಕೆ ಅದು ಇರಲೇಬೇಕೆಂದಿಲ್ಲ. 1931ರ ಮಾರ್ಚ್ 14ರಂದು ಬಿಡುಗಡೆಯಾದ ಭಾರತದ ಮೊದಲ ವಾಕ್ಚಿತ್ರ ‘ಆಲಂ ಆರಾ’ದ ಪ್ರತಿ ಇಂದು ಲಭ್ಯವಿಲ್ಲ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ದ ಸ್ಥಿತಿಯೂ ಅದೇ. ಕೊಲ್ಹಾಪುರದ ಸ್ಟುಡಿಯೊದಲ್ಲಿ ವೈ. ವಿ. ರಾವ್ ನಿರ್ದೇಶಿಸಿದ, ಸುಬ್ಬಯ್ಯ ನಾಯ್ಡು, ತ್ರಿಪುರಾಂಬ, ಆರ್. ನಾಗೇಂದ್ರರಾವ್ ಅಭಿನಯಿಸಿದ ಆ ಚಿತ್ರ 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡಿತು. 2009ರಲ್ಲಿ ಕನ್ನಡ ವಾಕ್ಚಿತ್ರದ ಅಮೃತ ಮಹೋತ್ಸವ ನಡೆದಾಗ, ಆ ಉತ್ಸವಕ್ಕೆ ಕಾರಣವಾದ ಚಿತ್ರವನ್ನೇ ತೋರಿಸುವುದು ಸಾಧ್ಯವಿರಲಿಲ್ಲ.

ಇತ್ತೀಚೆಗೆ ಹಳೆಯ ಚಿತ್ರಗಳ ಮಹೋತ್ಸವವೆಂದರೆ ಸನ್ಮಾನ, ಭಾಷಣಗಳ ಜೊತೆಗೆ ಪುನರುಜ್ಜೀವನವೂ (ಹಾಳಾದ ಹಳೆಯ ಪ್ರತಿಯನ್ನು ಸರಿಪಡಿಸಿ ಮತ್ತೆ ನೋಡುವಂತೆ ಮಾಡುವುದು) ಎಂಬ ಅರ್ಥ ಸೇರಿಕೊಳ್ಳುತ್ತಿರುವುದು ಈ ನಷ್ಟದ ಅರಿವಿನಿಂದಲೇ. ರಾಮನಗರದ ಬಂಡೆಗಳ ನಡುವೆ ಚಿತ್ರೀಕರಣಗೊಂಡು, ಮುಂಬಯಿಯ ಮಿನರ್ವಾದಲ್ಲಿ ಐದು ವರ್ಷಕ್ಕೂ ಹೆಚ್ಚು ಓಡಿದ ‘ಶೋಲೆ’ಗೆ 2025ರಲ್ಲಿ ಐವತ್ತು ತುಂಬಿತು. ಆ ಸಂದರ್ಭದಲ್ಲಿ ಅದರ ಪುನರುಜ್ಜೀವಿತ ಪ್ರತಿಯನ್ನು ಇಟಲಿಯ ಬೊಲೋನ್ಯಾ ನಗರದಲ್ಲಿ ತೋರಿಸಲಾಯಿತು. 1975ರಲ್ಲಿ ಸೆನ್ಸಾರ್ ಮಂಡಳಿಯ ಆಕ್ಷೇಪದಿಂದಾಗಿ ಬದಲಿಸಬೇಕಾಗಿ ಬಂದಿದ್ದ ಮೂಲ ಅಂತ್ಯ, ಅಂದರೆ ಠಾಕೂರ್ ಗಬ್ಬರ್‌ನನ್ನು ಕೊಲ್ಲುವ ದೃಶ್ಯ, ಆ ಪ್ರತಿಯಲ್ಲಿದೆ.